ಕೊಳವೆ ಹಾಯದ ಜಾಗ

"ಅಕ್ಕಾ, ಆ ಗೆರೆ ತುಳೀಬೇಡಿ. ಶಾಯಿ ಇನ್ನೂ ಆರಿಲ್ಲ," ಎಂದ ಗುವೊ ಮೇಸ್ತ್ರಿ, ಕುಕ್ಕರುಗಾಲಿನಲ್ಲಿ ಕೂತಲ್ಲಿಂದಲೇ.

ಹ್ವೇಜೆನ್ ಎತ್ತಿದ ಕಾಲನ್ನು ಹಿಂದಕ್ಕಿಟ್ಟಳು. ಚಿಕ್ಕ ಕೋಣೆಯ ಹಳೆಯ ನೆಲವನ್ನು ಕಿತ್ತು, ಬೆಳ್ಳಿಬಣ್ಣದ ಹಾಳೆ ಹಾಸಿದ್ದರು. ಅದರ ಮೇಲೆ, ಕಿಟಕಿಯ ಹತ್ತಿರ, ಗೋಡೆಗೆ ಒಂದು ಗೇಣು ಬಿಟ್ಟು ಕಪ್ಪು ಶಾಯಿಯಲ್ಲಿ ಉದ್ದನೆಯ ಚೌಕಟ್ಟೊಂದನ್ನು ಎಳೆದಿದ್ದರು.

"ಇದೇನು?"

"ಮಂಚ. ಪೆಟ್ಟಿಗೆ ಮಂಚ, ಕಾಲಿಲ್ಲದ್ದು. ಅದರಡಿ ಬಿಸಿನೀರಿನ ಕೊಳವೆ ಹಾಕಿದ್ರೆ ಶಾಖ ಮೇಲಕ್ಕೆ ಬರೋದು ಹೇಗೆ? ಮರ ಸೀಳಿಹೋಗತ್ತೆ. ಅದಕ್ಕೇ ಅಷ್ಟು ಜಾಗ ಬಿಟ್ಟು ಸುತ್ತ ಹಾಕ್ತೀವಿ. ನಿಮ್ಮೆಜಮಾನ್ರೇ ನಿನ್ನೆ ಬಂದು ಗುರುತು ಹಾಕ್ಸಿದ್ರು. ಬಿಸಿಲು ಬರೋ ಕಡೆ ಇರ್ಲಿ, ಅಜ್ಜಿಗೆ ಅನುಕೂಲ ಅಂದ್ರು."

ಅಜ್ಜಿ. ಅಂದರೆ ತನ್ನ ಅತ್ತೆ.

ಬೇಸಿಗೆಯಿಡೀ ಈ ಮನೆಯಲ್ಲಿ ಬೇರೊಂದೇ ಮಾತು ನಡೆದಿತ್ತು: ನೆಲದಡಿ ಬಿಸಿನೀರಿನ ಕೊಳವೆಯೋ, ಗೋಡೆಗಿದ್ದ, ಕೋಣೆ ಬೆಚ್ಚಗಿಡುವ ಹಳೆಯ ಕಬ್ಬಿಣದ ರೇಡಿಯೇಟರೋ. ಹ್ವೇಜೆನ್ ರೇಡಿಯೇಟರ್ ಪರ. ಅದರ ಮೇಲೆ ಒದ್ದೆ ಕೈಗವಸು ಒಣಗುತ್ತದೆ, ಕಿತ್ತಳೆ ಸಿಪ್ಪೆ ಇಟ್ಟರೆ ಕೋಣೆಯೆಲ್ಲ ಘಮ್ಮೆನ್ನುತ್ತದೆ ಎಂದು ಹೇಳುತ್ತಿದ್ದಳು. ಕೊನೆಗೊಂದು ದಿನ ಗಂಡ ಬಾವ್‌ಶಾನ್, ಟಿವಿಯಿಂದ ಕಣ್ಣು ತೆಗೆಯದೆ, "ನಿನ್ನ ಕಾಲಿಗೇ ಬೆಚ್ಚಗಿರ್ಲಿ ಅಂತ ಕಣೇ. ಇಡೀ ಚಳಿಗಾಲ ಐಸಿನ ಹಾಗಿರ್ತವೆ," ಎಂದಿದ್ದ. ಅವನು ತನ್ನ ಕಾಲುಗಳನ್ನು ಗಮನಿಸಿದ್ದಾನೆ ಎನ್ನುವುದೇ ಅವಳಿಗೆ ಹೊಸದು. ಆ ಕ್ಷಣವೇ ಒಪ್ಪಿದ್ದಳು.

ಮಗಳ ಮದುವೆಯಾದ ಮೇಲೆ ಈ ಕೋಣೆ ತನಗಿರಲಿ ಎಂದೂ ಅವಳು ಕೇಳಿದ್ದಳು. ಅವನು "ಹೂಂ" ಎಂದಿದ್ದ. ಹುಟ್ಟಿದ ಮನೆಯಲ್ಲಿ ಅಡಿಯಲ್ಲಿ ಒಲೆಯುರಿದು ಬೆಚ್ಚಗಿರುವ ಜಗುಲಿಯ ಮೇಲೆ ಅಕ್ಕತಂಗಿಯರ ಸಾಲಿನಲ್ಲಿ, ಕಾರ್ಖಾನೆಯ ವಸತಿಯಲ್ಲಿ ಯಾರದೋ ಮಂಚದ ಕೆಳಗಿನ ಮಂಚದಲ್ಲಿ, ಆಮೇಲೆ ಬಾವ್‌ಶಾನ್‌ನ ಗೊರಕೆಯ ಪಕ್ಕದಲ್ಲಿ ಮಲಗಿದವಳು ಅವಳು. ಬಾಗಿಲು ಹಾಕಿಕೊಂಡು ಒಬ್ಬಳೇ ಮಲಗುವುದು ಹೇಗಿರುತ್ತದೆಂದು ತಿಳಿಯದು. ತೆಳ್ಳನೆಯ ಕಾಲಿನ ಸಣ್ಣ ಮಂಚವೊಂದನ್ನು ಅಂಗಡಿಯಲ್ಲಿ ನೋಡಿಯೂ ಬಂದಿದ್ದಳು.

ಬಾವ್‌ಶಾನ್ ಹಬೆಯಾಡುವ ಬನ್ನಿನ ಪೊಟ್ಟಣ ಹಿಡಿದು ಬಂದ. ಅವಳು ಚೌಕಟ್ಟಿನತ್ತ ಕೈತೋರಿಸಿದಳು.

"ನನಗೆ ಹೇಳ್ಲೇ ಇಲ್ಲ."

"ಹೇಳೋಕೇನಿದೆ? ತಮ್ಮನ ಮನೇಲಿ ಅಮ್ಮ ಸಾಕಷ್ಟು ವರ್ಷ ಇದ್ಲು. ಈಗ ನಮ್ಮ ಸರದಿ. ನೀನೂ ರಿಟೈರ್ ಆದೆ, ಮನೇಲೇ ಇರ್ತೀಯ."

"ಈ ಕೋಣೆ ನಂಗೆ ಅಂದಿದ್ದೆ."

"ನೀನೇನು ಹಾಸ್ಟೆಲ್ ಹುಡುಗೀನಾ, ಬೇರೆ ಕೋಣೆ ಬೇಕು ಅನ್ನೋಕೆ?" ಮೇಸ್ತ್ರಿಯತ್ತ ನೋಡಿ ನಕ್ಕ. ಮೇಸ್ತ್ರಿ ನಗಲಿಲ್ಲ. ಕೊಳವೆ ಹಿಡಿಸುವ ಕೊಕ್ಕೆಮೊಳೆಗಳನ್ನು ಆರಿಸುವುದರಲ್ಲಿದ್ದ.

"ಕಬ್ಬಿಣದ್ದೇ ಇದ್ದಿದ್ರೆ ನೆಲ ಒಡೀತಿರ್ಲಿಲ್ಲ. ಮಂಚ ಇವತ್ತು ಇಲ್ಲಿ, ನಾಳೆ ಅಲ್ಲಿ ಇಡಬಹುದಿತ್ತು," ಎಂದಳು ಹ್ವೇಜೆನ್.

"ಬೇಡ ಅಂದ್ರೆ ನೀನೇ ಅಮ್ಮಂಗೆ ಹೇಳು." ಅವನು ಫೋನು ಒತ್ತಿ ಅವಳ ಕೈಗಿಟ್ಟು, ಬನ್ನಿನ ಜೊತೆ ಅಡುಗೆಮನೆಗೆ ನಡೆದ.

ತೆರೆಯ ಮೇಲೆ ಅತ್ತೆಯ ಹಣೆ ಮಾತ್ರ ಕಂಡಿತು, ಆಮೇಲೆ ಒಂದು ಕಣ್ಣು. ಹಿಂದೆ ಟಿವಿಯ ಗದ್ದಲ, ಮಕ್ಕಳ ಕಿರುಚಾಟ.

"ಹ್ವೇಜೆನ್? ಕಬ್ಬಿಣ ಕಿತ್ತುಬಿಟ್ರಂತೆ?"

"ಹೂಂ ಅಮ್ಮ."

"ಇನ್ನು ಬೆನ್ನು ಎಲ್ಲಿ ಆನಿಸೋದು ನಾನು? ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

ಹೇಳುವುದಾದರೆ ಈಗಲೇ ಹೇಳಬೇಕು. ಬರಬೇಡಿ ಎನ್ನಬೇಕಾಗಿಲ್ಲ, ಬೇರೆ ಏನಾದರೂ ಮಾಡೋಣ ಎಂದರೂ ಸಾಕು. ಹ್ವೇಜೆನ್ ಬಾಯಿ ತೆರೆದಳು.

"ಕಾಲಿಗೆ ಬೆಚ್ಚಗಿರತ್ತೆ ಅಮ್ಮ," ಎಂದಳು.

"ನನ್ನ ಕಾಲಿಗೇನಾಗಿದೆ ದಾಡಿ? ತಣ್ಣಗಾಗೋದು ಬೆನ್ನು." ಮುದುಕಿ ಫೋನನ್ನು ಇನ್ನಷ್ಟು ಹತ್ತಿರ ತಂದುಕೊಂಡಳು. ಈಗ ಬಾಯಿ ಮಾತ್ರ ಕಾಣುತ್ತಿತ್ತು. ದನಿ ತಗ್ಗಿತು. "ಆ ಕೋಣೆಗೆ ಬಾಗಿಲಿದೆಯೇನೇ?"

"ಇದೆ."

"ಒಳಗಿಂದ ಚಿಲಕ?"

ಹ್ವೇಜೆನ್ ಬಾಗಿಲಿನತ್ತ ತಿರುಗಿದಳು. ಮಗಳು ಪರೀಕ್ಷೆಗೆ ಓದುತ್ತಿದ್ದಾಗ ಹಾಕಿಸಿದ ಚಿಲಕ.

"ಇದೆ ಅಮ್ಮ."

"ಇಲ್ಲಿ ನಾನು ಹಾಲ್‌ನಲ್ಲಿ ಮಲಗೋದು. ಯಾವನು ನೀರು ಕುಡಿಯೋಕೆ ಎದ್ರೂ ನನ್ನ ಮುಖದ ಮೇಲೇ ದೀಪ. ಬಾವ್‌ಶಾನ್‌ಗೆ ಹೇಳ್ಬೇಡ, ಮತ್ತೆ ತಮ್ಮನ ಹತ್ರ ಜಗಳ ತೆಗೀತಾನೆ."

ಫೋನು ಕಪ್ಪಾದ ಮೇಲೂ ಅವಳು ಅದನ್ನು ಹಿಡಿದುಕೊಂಡೇ ನಿಂತಿದ್ದಳು.

"ಅಕ್ಕಾ, ಮಂಚ ಇಲ್ಲೇ ಗ್ಯಾರಂಟಿ ತಾನೆ?" ಮೇಸ್ತ್ರಿ ಕೇಳಿದ. "ಸಿಮೆಂಟ್ ಹಾಕಿದ ಮೇಲೆ ಏನೂ ಮಾಡೋಕಾಗಲ್ಲ. ಈಗ್ಲೇ ಹೇಳ್ಬಿಡಿ."

"ಇಲ್ಲೇ," ಎಂದಳು. "ಹಾಕಿ."

ಅವನು ಬಿಳಿ ಕೊಳವೆಯ ಸುರುಳಿಯನ್ನು ಬಿಚ್ಚುತ್ತ, ಗೇಣಿಗೊಂದು ಕೊಕ್ಕೆಮೊಳೆ ಒತ್ತುತ್ತ, ಕಿಟಕಿಯ ಬದಿಯಿಂದ ಶುರುಮಾಡಿದ. ಗೋಡೆಯಲ್ಲಿ ರೇಡಿಯೇಟರ್ ಇದ್ದ ಕಡೆ ಹಳೆಯ ಹಸಿರು ಬಣ್ಣದ ಒಂದು ತುಂಡು ಉಳಿದಿತ್ತು. ಕೊಳವೆ ಅದರ ಕೆಳಗೆ ಹಾದು ತಿರುಗಿತು, ಬಾಗಿಲಿನ ತನಕ ಹೋಗಿ ಮತ್ತೆ ವಾಪಸು ಬಂತು. ಅವನು ತಲೆಯೆತ್ತಿದಾಗ ಅವಳು ಗೆರೆ ದಾಟಿ ಚೌಕಟ್ಟಿನ ಒಳಗೆ ಹೋಗಿ ನಿಂತಿದ್ದಳು.

"ಅಯ್ಯೋ, ಮಧ್ಯದಲ್ಲೇ ಉಳ್ಕೊಂಡ್ರಲ್ಲ ಅಕ್ಕಾ. ನಿಧಾನಕ್ಕೆ ದಾಟಿ ಬನ್ನಿ, ಕೊಳವೆ ಮೆಟ್ಟಬೇಡಿ."

"ದಾಟ್ತೀನಿ. ನೀವು ಮುಗಿಸಿ."

ಅಡುಗೆಮನೆಯಿಂದ ಬಾವ್‌ಶಾನ್, ಬನ್ನು ಆರಿಹೋಗುತ್ತಿದೆ ಎಂದು ಕೂಗಿದ. ಬೆಳ್ಳಿ ಹಾಳೆಯ ಮೇಲೆ ಬಿಸಿಲು ಬಿದ್ದಿತ್ತು. ಹ್ವೇಜೆನ್ ಅಲ್ಲೇ ಕೂತಳು. ಗೆರೆಯಿಂದಾಚೆ ಚಾಚಿದ್ದ ಪಾದಗಳನ್ನು ಒಳಕ್ಕೆ ಎಳೆದುಕೊಂಡಳು.