ಬೀರಪ್ಪ ಆರಿಸಿದ ಪುಸ್ತಕ

ತಾನು ಬರೆದ ಪ್ರೋಗ್ರಾಮು ಊರಿನ ಆಕಳ ಹಾಲನ್ನೆಲ್ಲ ಎಮ್ಮೆ ಹಾಲೆಂದು ತೋರಿಸಿದ ದಿನ ಕೋಮಲ ಡೇರಿಯ ಹಿಂದೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಮಂದಿ ಕೇಳಿದ್ದು ಸಣ್ಣ ಕೆಲಸ. ಹಾಲು ಹಾಕಿದಾಗ ಬರುವ ಚೀಟಿ ಕನ್ನಡದ ಜೊತೆಗೆ ಮರಾಠಿಯಲ್ಲೂ ಬರಲಿ ಎಂದಿದ್ದರು. ಸತ್ತಿಯ ಆಚೆಗಿನ ಆ ಹಳ್ಳಿಯಲ್ಲಿ ಅರ್ಧ ಮನೆಗಳ ಬೀಗತನ ಮಹಾರಾಷ್ಟ್ರದ ಮೀರಜ ಕಡೆಗೆ, ಕೇಳಿದ್ದರಲ್ಲಿ ತಪ್ಪೇನಿಲ್ಲ. ಈಕೆ ಮರಾಠಿ ಸೇರಿಸಿದಳು, ಫ್ಯಾಟಿನ, ಅಂದರೆ ಹಾಲಿನ ಕೊಬ್ಬಿನ, ಲೆಕ್ಕ ಕೆಟ್ಟಿತು. ಫ್ಯಾಟು ಸರಿಮಾಡಲು ಹೋದಳು, ಹಾಲು ಹಾಕಿದವರ ಹೆಸರುಗಳು ಅದಲುಬದಲಾದವು.

"ದೀಪಾವಳಿಯೊಳಗ ನೆಟ್ಟಗ ಆಗ್ಬೇಕವಾ," ಎಂದರು ಡೇರಿಯ ಚೇರಮನ್ ಬಾಳಾಸಾಬ. "ಇಲ್ಲಂದ್ರ ಹೊರಗಿನವರ ತಯಾರ ಪ್ರೋಗ್ರಾಮ ಹಾಕಸ್ತೀವಿ. ಸಿಟ್ಟ ಮಾಡ್ಕೋಬ್ಯಾಡ."

ಕೋಮಲಳಿಗೆ ಸಿಟ್ಟಲ್ಲ, ಹೆದರಿಕೆ ಬಂತು. ಕುರಿ ಕಾಯುವ ಭೀಮಸಿಯ ಮಗಳು ಎನ್ನುತ್ತಿದ್ದವರು ಈಗೀಗ ಡೇರಿ ಕೋಮಲ ಎನ್ನತೊಡಗಿದ್ದರು. ಈ ಕೆಲಸ ಹೋದರೆ ಆ ಹೆಸರೂ ಹೋಗುತ್ತಿತ್ತು.

ಕಾಲೇಜಿನಲ್ಲಿ ಕಲಿಸಿದ್ದ ಸರಿತಾ ಮೇಡಂ ಫೋನಿನಲ್ಲೇ ಪ್ರೋಗ್ರಾಮಿನ ರೋಗ ಕಂಡುಹಿಡಿದರು. "ನೀ ಎಲ್ಲಾ ಒಂದ ಕಡೆ ಕಲಸಿ ಇಟ್ಟೀಯವಾ. ಕಾಂಪೊನೆಂಟ್ ಮಾಡಿ ಬರ್ಯೂದ ಕಲಿ." ಅಂದರೆ ಚೀಟಿಗೊಂದು ಬಿಡಿಭಾಗ, ಫ್ಯಾಟಿಗೊಂದು, ಹೆಸರಿಗೊಂದು. ಒಂದನ್ನು ಬಿಚ್ಚಿ ರಿಪೇರಿ ಮಾಡಿದರೆ ಇನ್ನೊಂದು ಅಲುಗಬಾರದು. ಯಾವ ಪುಸ್ತಕ ಓದಲಿ ಎಂದು ಕೇಳುವಷ್ಟರಲ್ಲಿ ಮೇಡಂ ಅವರ ಬಸ್ಸು ಬಂತು.

ಅಥಣಿಯ ಪುಸ್ತಕದಂಗಡಿಯ ನಿತಿನ ಎರಡು ಪುಸ್ತಕ ತೆಗೆದಿಟ್ಟ. ಒಂದು ತಲೆದಿಂಬಿನಷ್ಟು ದಪ್ಪ, ಇನ್ನೊಂದು ತೀರಾ ತೆಳ್ಳಗೆ. ಯಾವುದು ಒಳ್ಳೆಯದೆಂದು ಕೇಳಿದರೆ "ಎರಡೂ ಛಲೋನ ಅದಾವ್ರಿ" ಎಂದ. ಅಂಗಡಿಯವರು ಇನ್ನೇನು ಹೇಳುತ್ತಾರೆ ಪಾಪ. ಈ ಕಡೆ ಸೀರೆಗಳನ್ನು ಮನೆಗೊಯ್ದು ತೋರಿಸಿ, ಬೇಡಾದ್ದನ್ನು ಮರಳಿಸುವ ರೂಢಿಯುಂಟು. ಅದೇ ರೂಢಿಯಂತೆ ಎರಡನ್ನೂ ಚೀಲಕ್ಕೆ ಹಾಕಿಕೊಟ್ಟು, ಬೇಡಾದ್ದನ್ನು ನಾಡಿದ್ದು ತನ್ನಿರಿ ಎಂದ.

ಮನೆಯಲ್ಲಿ ಗೊಂದಲ ಇನ್ನೂ ಹೆಚ್ಚಾಯಿತು. ದಪ್ಪ ಪುಸ್ತಕ ಮೊದಲ ಸಾಲಿನಲ್ಲೇ "ನಿಮಗೆ ಈಗಾಗಲೇ ಗೊತ್ತಿರುವಂತೆ" ಎಂದಿತು. ಕೋಮಲಳಿಗೆ ಗೊತ್ತಿರಲಿಲ್ಲ. ತೆಳ್ಳನೆಯದು ಸರಸರ ತಿಳಿಯಿತು, ಅದೇ ಸಂಶಯಕ್ಕೆ ಕಾರಣವಾಯಿತು. ಇಷ್ಟು ಸುಲಭವಾಗಿ ತಿಳಿಯುವುದು ವಿದ್ಯೆ ಹೇಗಾದೀತು? ಫೋನಿನಲ್ಲಿ ಹುಡುಕಿದರೆ, ದಪ್ಪದ್ದನ್ನು ಓದದವರು ಪ್ರೋಗ್ರಾಮ್ ಬರೆಯಲೇಬಾರದು ಎಂದು ಒಬ್ಬ, ಅದು ಹಳತಾಗಿ ಹೋಯಿತು ಎಂದು ಇನ್ನೊಬ್ಬ. ಎರಡನ್ನೂ ತೆರೆಯುತ್ತ ಮುಚ್ಚುತ್ತ ಊಟ ಮರೆತಳು.

"ಬೀರಪ್ಪನ್ನ ಕೇಳೂನ ನಡಿ," ಎಂದಳು ತಾಯಿ ಮಲಕವ್ವ.

ಆ ಮನೆಯಲ್ಲಿ ಹೊಸ ಟಗರು ತಂದರೂ ಕುಲದೇವರು ಬೀರಪ್ಪನ ಅಪ್ಪಣೆ ಬೇಕು. ಒದ್ದೆ ಮಾಡಿದ ದೇವರ ಕಲ್ಲಿನ ಎಡಕ್ಕೊಂದು, ಬಲಕ್ಕೊಂದು ಹೂವಿನ ಎಸಳು ಹಚ್ಚಿ, ಮನಸ್ಸಿನಲ್ಲಿ ಕೇಳಿಕೊಳ್ಳಬೇಕು. ಬಲದ್ದು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಮರುದಿನ ಮುಂಜಾನೆ ಮಲಕವ್ವ ಕಣ್ಣು ಮುಚ್ಚಿ ನಿಂತಳು. ಬಲದ ಎಸಳು ಬಿದ್ದದ್ದನ್ನು ಕೋಮಲ ಕಣ್ಣಾರೆ ಕಂಡಳು. ಮಲಕವ್ವ ಬಿದ್ದ ಎಸಳನ್ನು ಎತ್ತಿ ಕಣ್ಣಿಗೊತ್ತಿಕೊಂಡು, "ದಪ್ಪಂದ ಓದವಾ" ಎಂದಳು.

ಓದಿದಳು. ಮಧ್ಯಾಹ್ನದವರೆಗೆ ಒಂದೇ ಪುಟದಲ್ಲಿ ಸುತ್ತಿದಳು. ಮನುಷ್ಯರು ಹೇಳಿದ್ದಾಗಿದ್ದರೆ ಬೈದು ಮುಚ್ಚಬಹುದಿತ್ತು, ದೇವರು ಕೊಟ್ಟದ್ದು ತಿಳಿಯದಿದ್ದರೆ ತಪ್ಪು ತನ್ನದೇ. ಸಂಜೆ ತಾಯಿ ಎಮ್ಮೆ ಹಿಂಡುತ್ತಿದ್ದಲ್ಲಿಗೆ ಹೋಗಿ ನಿಂತಳು.

"ಯವ್ವಾ, ಬಾಳಾಸಾಬ ಕಾಕಾಗ ಆಗೂದಿಲ್ಲಂತ ಹೇಳಿ ಬರ್ತೀನಿ. ಬೀರಪ್ಪ ಕೊಟ್ಟ ಪುಸ್ತಕಾನ ತಿಳೀವಲ್ದು. ಅಂದಮ್ಯಾಲ ಈ ಕೆಲಸ ನನ್ನದಲ್ಲ."

ಮಲಕವ್ವನ ಕೈ ನಿಂತಿತು.

"ಬೀರಪ್ಪ ಪುಸ್ತಕ ಕೊಟ್ಟಿಲ್ಲ. ನಾ ಪುಸ್ತಕದ ಮಾತ ಕೇಳೇ ಇಲ್ಲ."

"ಮತ್ತ ಏನ ಕೇಳಿದಿ ಬೇ?"

"ನೀ ಊಟ ಬಿಟ್ಟ ಸೊರಗೂದ ನೋಡಾಕಾಗಲಿಲ್ಲ. ಡೇರಿ ಕೆಲಸ ಬಿಡಸಲೇನ ಬೀರಪ್ಪ ತಂದಿ, ಅಂತ ಕೇಳಿದೆ."

ಕೋಮಲ ಮುಂಜಾನೆಯದನ್ನು ನೆನೆದಳು. ಬಲದ ಎಸಳೇ ಬಿದ್ದಿತ್ತಲ್ಲ.

"ಬಿಡಸು ಅಂದ," ಎಂದಳು ಮಲಕವ್ವ, ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿ. "ನನ್ನ ಬಾಯಿಲೆ ಅದನ್ನ ಹೇಳಾಕ ಬರಲಿಲ್ಲ. ದಪ್ಪಂದ್ರಾಗ ಹೆಚ್ಚ ಇರ್ತೈತಂತ ತಿಳದ, ಓದಂದೆ."

"ದೇವ್ರ ಮಾತ ಮೀರಿದಿ?"

"ಮೀರಿದೆ. ತಪ್ಪಗಾಣಿಕಿ ಹಾಕ್ತೀನಿ." ಜೀವಮಾನದಲ್ಲಿ ಒಮ್ಮೆಯೂ ಬೀರಪ್ಪನ ಮಾತು ಮೀರದವಳು ಹಾಗೆಂದಳು. "ಮೊದಲನೇ ಚೀಟಿ ಹೊರಗ ಬಂದಾಗ ನಿನ್ನ ಮಾರಿ ಹ್ಯಾಂಗಿತ್ತಂತ ಅವ ಎಲ್ಲಿ ನೋಡ್ಯಾನ? ನಾ ನೋಡೇನಿ."

ಕೋಮಲ ಒಳಗೆ ಹೋಗಿ, ಮರಳಿಸಲೆಂದು ದಪ್ಪ ಪುಸ್ತಕವನ್ನು ಚೀಲಕ್ಕೆ ಹಾಕಿದಳು. ತೆಳ್ಳನೆಯದು ಸಾಕಾದೀತೋ ಇಲ್ಲವೋ ಆಕೆಗೆ ಈಗಲೂ ಗೊತ್ತಿರಲಿಲ್ಲ. ಅಂಗಡಿಯವರು ಹೆಸರು ಬರೆದ ಪುಸ್ತಕವನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಪೆನ್ನು ಹುಡುಕಿ, ತೆಳ್ಳನೆಯದರ ಮೊದಲ ಪುಟದಲ್ಲಿ ಕೋಮಲ ಮಲಕವ್ವ ಎಂದು ಬರೆದಳು.