ಆಕಾಶದಿಂದ ಉದುರಿದ್ದು

ಮೇಸ್ತ್ರಿಯನ್ನು ಆಂಬ್ಯುಲೆನ್ಸ್ ಹತ್ತಿಸಿದ ಮೇಲೆ ಇಡೀ ಫೌಂಡ್ರಿ ನನ್ನ ತಮ್ಮನ ಕಡೆ ತಿರುಗಿತು. ಗುಜರಿ ಕಬ್ಬಿಣ ಎತ್ತುವ ಅಯಸ್ಕಾಂತದ ಕ್ರೇನ್ ಓಡಿಸುವವನು ಅವನೇ. ಮೇಸ್ತ್ರಿಯ ಪಾದ ಜಜ್ಜಿದ್ದು ಮೇಲಿಂದ ಬಿದ್ದ ಕಬ್ಬಿಣದ ಉಂಡೆ. ಇನ್ನು ವಿಚಾರಿಸುವುದೇನಿದೆ?

"ಆಗ ನನ್ನ ಕ್ರೇನ್ ಖಾಲಿ ಇತ್ತು ಸರ್," ಎಂದ ತಮ್ಮ.

"ಹಂಗಾದ್ರೆ ಆಕಾಶದಿಂದ ಉದುರಿತಾ?" ಎಂದರು ಮ್ಯಾನೇಜರು. ಸುತ್ತ ನಿಂತವರು ಕಿಸಕ್ಕನೆ ನಕ್ಕರು. "ನಿನ್ನ ಕೆಲಸ ಇವತ್ತಿಗೆ ಮುಗೀತು. ಲೈಸೆನ್ಸ್ ಇಲ್ಲಿ ಕೊಡು. ಪೊಲೀಸ್ನೋರು ಬರೋವರೆಗೂ ಎಲ್ಲೂ ಹೋಗ್ಬೇಡ."

ನನಗೆ ಮೈಯೆಲ್ಲ ಉರಿಯಿತು. ತಮ್ಮ ಸೋಮಾರಿ, ಒಪ್ಪುತ್ತೇನೆ; ಊಟಕ್ಕೆ ಕರೆದರೆ ಮಾತ್ರ ಅವನಿಗೆ ಕಿವಿ ಕೇಳುತ್ತದೆ. ಆದರೆ ಸುಳ್ಳು ಹೇಳಿದರೆ ಅದೇ ಕಿವಿ ಕೆಂಪಾಗುತ್ತದೆ. ಈಗ ಮುಖ ಬಿಳಿಚಿಕೊಂಡಿತ್ತು, ಕಿವಿಯೂ ಸೇರಿ.

ತಲೆಯೆತ್ತಿ ನೋಡಿದೆ. ತಗಡಿನ ಚಾವಣಿಯಲ್ಲಿ ಬೆಳಿಗ್ಗೆ ಇಲ್ಲದ ಒಂದು ತೂತು. ಅದರ ಅಂಚು ಒಳಕ್ಕೆ ಬಾಗಿತ್ತು.

"ಆ ಉಂಡೆ ಎಲ್ರೋ?" ಎಂದೆ.

"ಗುಜರಿ ರಾಶಿಗೆ ಎಸೆದ್ವಿ, ಅಕ್ಕಾ."

ಆ ರಾಶಿಯನ್ನು ಬದಲಿ ಡ್ರೈವರ್ ಆಗಲೇ ಎತ್ತಿಯಾಗಿತ್ತು. ಅಯಸ್ಕಾಂತ ಕುಲುಮೆಯ ಬಾಯಿಯತ್ತ ಸಾಗುತ್ತಿತ್ತು. ಆ ಉಂಡೆ ಕರಗಿದರೆ ತಮ್ಮನ ಕಥೆಯೂ ಮುಗಿದಂತೆ. ಕೂಗಿದರೆ ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ನಮ್ಮಲ್ಲಿ ಕ್ರೇನಿನ ಜೊತೆ ಮಾತೆಲ್ಲ ಕೈಸನ್ನೆಯಲ್ಲೇ. ಯಾರ ಸನ್ನೆ ಕೇಳಬೇಕು, ಯಾರದು ಕೇಳಬಾರದು ಎಂಬುದಕ್ಕೆ ಕಟ್ಟುನಿಟ್ಟಿನ ನಿಯಮವಿದೆ. 'ನಿಲ್ಲಿಸು' ಎಂಬ ಒಂದನ್ನು ಮಾತ್ರ ಯಾರು ತೋರಿಸಿದರೂ, ಮರಳಿನ ಅಚ್ಚು ಮಾಡುವ ನಾನು ತೋರಿಸಿದರೂ, ಕ್ರೇನ್ ನಿಲ್ಲಲೇಬೇಕು. ಎರಡೂ ಕೈ ಬೀಸುತ್ತಾ ಓಡಿದೆ.

"ಏಯ್, ನಿನಗೂ ಕೆಲಸ ಬೇಡ್ವಾ?" ಬೆನ್ನ ಹಿಂದೆ ಮ್ಯಾನೇಜರು ಗದರಿದರು.

ಕ್ರೇನ್ ನಿಂತಿತು. ಹೊರೆ ಕುಲುಮೆಯ ಅಂಚಿನಲ್ಲಿ ತೂಗಾಡಿತು. ನನ್ನ ಜೀವವೂ ಅಲ್ಲೇ ನೇತಾಡುತ್ತಿತ್ತು. ಆಮೇಲೆ ಅದು ನಿಧಾನವಾಗಿ ಹಿಂದಕ್ಕೆ ಬಂದು ನೆಲಕ್ಕೆ ಸುರಿಯಿತು.

ತುಕ್ಕಿನ ರಾಶಿಯಲ್ಲಿ ತುಕ್ಕು ಹಿಡಿಯದ್ದು ಒಂದೇ. ಕಲಸಿದ ಹಿಟ್ಟಿಗೆ ಹೆಬ್ಬೆರಳು ಒತ್ತಿದಂಥ ಗುಳಿಗಳು, ಮೈಯೆಲ್ಲ ಸುಟ್ಟ ಕಪ್ಪು. ಒಂದು ಮೂಲೆಗೆ ಚಾವಣಿಯ ನೀಲಿ ಬಣ್ಣ ಮೆತ್ತಿಕೊಂಡಿತ್ತು. ತಂದು ಮ್ಯಾನೇಜರ ಕೈಗೆ ಹಾಕಿದೆ. ಅವರು ಅದನ್ನು ತಿರುಗಿಸಿ ನೋಡಿದರು, ಮೇಲಿನ ತೂತು ನೋಡಿದರು. ಈ ಸಲ ಯಾರೂ ನಗಲಿಲ್ಲ.

"ಇದು... ಎಲ್ಲಿಂದ ಬಂತು?"

ತಮ್ಮ ಲೈಸೆನ್ಸಿಗಾಗಿ ಕೈ ಚಾಚಿದ. "ನೀವೇ ಹೇಳಿದ್ರಲ್ಲ, ಸರ್."