ಎದುರಾಳಿಯ ಮಾತು

"ಭಾವ, ಆ ಪಾದ್ರಿಯ ಕತ್ತಿಗೆ ನೀವು ಸಾಣೆ ಹಿಡಿಯೋದು ಇನ್ನೂ ಮುಗೀಲಿಲ್ವಾ?" ಅಂತ ಬದ್ರುದ್ದೀನರ ಹೆಂಡತಿಯ ತಮ್ಮ ನುಮಾನ್ ತನ್ನ ಸಾಬೂನಿನ ಅಂಗಡಿಯಿಂದಲೇ ಚುಚ್ಚಿದ.

"ನಾಳಿದ್ದಿಗೆ ಮುಗಿಯುತ್ತೆ ಮಾರಾಯ," ಎಂದು ಬದ್ರುದ್ದೀನರು ಮುಂದೆ ನಡೆದರು.

ಸಿರಿಯಾದ ಅಲೆಪ್ಪೊ ನಗರದ ಫ್ರೆಂಚ್ ವರ್ತಕರ ಛತ್ರದ ಮಹಡಿಯಲ್ಲಿ ಅವರ ಬಳಿ ಅರಬ್ಬಿ ಓದುತ್ತಿದ್ದ ಪಾದ್ರಿ ಔರೇಲಿಯೊ ಕಾಯುತ್ತಿದ್ದರು. ಇಸ್ಲಾಮನ್ನು ಖಂಡಿಸುವ ಪುಸ್ತಕಕ್ಕೆ ಅವರು ಹನ್ನೊಂದು ವರ್ಷ ಸವೆಸಿದ್ದರು. ಅದನ್ನೇನೂ ಮುಚ್ಚಿಟ್ಟಿರಲಿಲ್ಲ. ಅದರಲ್ಲಿ ಎತ್ತಿ ಬರೆದ ಅರಬ್ಬಿ ಮಾತುಗಳು ಮೂಲದಂತೆಯೇ ಇವೆಯೆಂದು ಬದ್ರುದ್ದೀನರು ಸಹಿ ಹಾಕಬೇಕಿತ್ತು. ನಾಳಿದ್ದು ಬಂದರಿಗೆ ಹೊರಡುವ ಒಂಟೆಸಾಲಿನಲ್ಲಿ ಪುಸ್ತಕ ರೋಮಿಗೆ ಹೋಗುವುದಿತ್ತು.

ಬದ್ರುದ್ದೀನರು ಕುರಾನಿನ ವ್ಯಾಖ್ಯಾನದ ಮೂಲ ಓದಿದರು, ಪಾದ್ರಿ ತಮ್ಮ ಪ್ರತಿಯ ಮೇಲೆ ಬೆರಳಿಟ್ಟು ಸಾಗಿದರು. ಒಂದು ಕಡೆ ಎತ್ತಿ ಬರೆದ ಭಾಗ ಮುಗಿದು ಬೆರಳು ನಿಂತಿತು.

"ಇಲ್ಲಿಗೇ ಬಿಟ್ರಾ?" ಎಂದು ಬದ್ರುದ್ದೀನರು ಕೇಳಿದರು.

"ಇನ್ನೇನು ಬೇಕು? ನಿಮ್ಮ ವ್ಯಾಖ್ಯಾನಕಾರರೇ ಸೋಲು ಒಪ್ಪಿಕೊಂಡಿದ್ದಾರಲ್ಲ. ನನ್ನ ಕೊನೆಯ ಅಧ್ಯಾಯ ಪೂರ್ತಿ ಇದರ ಮೇಲೇ ನಿಂತಿದೆ."

ತಪ್ಪು ಎಲ್ಲಾಯಿತೆಂದು ಬದ್ರುದ್ದೀನರಿಗೆ ತಿಳಿಯಿತು. ಹಿಂದಿನವರ ಪದ್ಧತಿಯೇ ಹಾಗೆ. ಮೊದಲು ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ, ಪುಟಗಟ್ಟಲೆ ಹೇಳುತ್ತಾರೆ. ಆಮೇಲೆ ಉತ್ತರ ಕೊಡುತ್ತಾರೆ. ಪಾದ್ರಿ ಎದುರಾಳಿಯ ಮಾತನ್ನೇ ವ್ಯಾಖ್ಯಾನಕಾರರ ಮಾತೆಂದುಕೊಂಡಿದ್ದರು.

ಸುಮ್ಮನೆ ಸಹಿ ಹಾಕಿದರೆ ಸಾಕು, ಇಸ್ತಾಂಬುಲಿನ ಯಾವ ವಿದ್ಯಾರ್ಥಿಯಾದರೂ ಪುಸ್ತಕ ನೋಡಿ ನಗುತ್ತಾನೆ. ನುಮಾನನಂತೂ ಮಿಠಾಯಿ ಹಂಚುತ್ತಾನೆ. ಆದರೆ ಆ ವ್ಯಾಖ್ಯಾನವನ್ನು ಅವರು ಎಂಟನೆಯ ವಯಸ್ಸಿಗೆ ಗುರುಗಳ ಮುಂದೆ ಕೂತು ಬಾಯಿಪಾಠ ಮಾಡಿದ್ದರು. ಸತ್ತು ಮಣ್ಣಾದ ಆ ಹಿರಿಯರ ಬಾಯಲ್ಲಿ ಆಡದ ಮಾತು ಇಟ್ಟು, ಕೆಳಗೆ ತನ್ನ ಹೆಸರು ಬರೆಯುವುದೇ?

ಪುಟ ತಿರುವಿ ಅವರು ಓದುತ್ತಲೇ ಹೋದರು. ಉತ್ತರ ಒಂದೊಂದಾಗಿ ಬಂತು. ಪಾದ್ರಿಯ ಬೆರಳಿಗೆ ಸಾಲು ಸಿಗಲಿಲ್ಲ.

"ಕೊನೆಯ ಅಧ್ಯಾಯದ ನಲವತ್ತು ಹಾಳೆ ಹೋಯ್ತು," ಎಂದರು ಪಾದ್ರಿ ಕೊನೆಗೆ. "ನೀವು ಸುಮ್ಮನಿದ್ದಿದ್ರೆ ನಿಮ್ಮವರಿಗೇ ಲಾಭ ಇತ್ತು."

"ಇತ್ತು. ನಾನು ಓದಿಸೋಕೆ ಬಂದಿದ್ದು, ಸ್ವಾಮಿ."

ಪಾದ್ರಿ ಆ ನಲವತ್ತು ಹಾಳೆಗಳನ್ನು ಬೇರೆ ಮಾಡಿ ನೆಲದ ಮೇಲಿಟ್ಟರು.

"ಈ ಉತ್ತರಕ್ಕೂ ನಾನು ಉತ್ತರ ಬರೀತೀನಿ, ನೋಡ್ತಿರಿ."

"ಬರೀರಿ. ಇನ್ನೂ ಮೂರು ಪುಟ ಇದೆ, ಮೊದಲು ಕೇಳಿಸ್ಕೊಳ್ಳಿ."

ಎರಡು ದಿನ ಕಳೆದು ಒಂಟೆಸಾಲು ಪುಸ್ತಕವಿಲ್ಲದೆ ಹೊರಟುಹೋಯಿತು.